ಫ್ಯಾಷನ್ ಡಿಗ್ರಿ ಇಲ್ಲದೆ ಕಾಸ್ಟ್ಯೂಮ್ ಡಿಸೈನರ್ ಆಗಬಹುದಾ?

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ, ಮನೆ ವಿಜಯನಗರದಲ್ಲಿ. ಹೊಲಿಗೆ ಅಷ್ಟಿಷ್ಟು ಬರುತ್ತೆ. ಸಿನಿಮಾಕ್ಕೆ ವಸ್ತ್ರವಿನ್ಯಾಸ ಮಾಡುವ ಆಸೆ. ಡಿಗ್ರಿ ಇಲ್ಲದವರನ್ನ ಯಾರಾದರೂ ಸೇರಿಸಿಕೊಳ್ತಾರಾ?

ಉತ್ತರ: ಸೇರಿಸಿಕೊಳ್ತಾರೆ. ಡಿಗ್ರಿ ಕೇಳುವವರಿಗಿಂತ "ಬೆಳಿಗ್ಗೆ ಐದಕ್ಕೆ ಸೆಟ್‌ನಲ್ಲಿ ಇರ್ತೀರಾ?" ಅಂತ ಕೇಳುವವರೇ ಜಾಸ್ತಿ. ಎಚ್‌ಎಸ್‌ಆರ್ ಲೇಔಟಿನ ನಿಫ್ಟ್‌ನಂಥ ಫ್ಯಾಷನ್ ಕಾಲೇಜಿನಲ್ಲಿ ಓದಿದರೆ ಬಟ್ಟೆಯ ಗುಣ, ಪ್ಯಾಟರ್ನ್ ಕಟಿಂಗ್ ಕ್ರಮವಾಗಿ ಕೈಗೆ ಹತ್ತುತ್ತೆ, ಲಾಭವೇ. ಆದರೆ ನಮ್ಮ ಕೆಲಸದ ಅರ್ಧ ಪಾಲು ಹೊಸ ಬಟ್ಟೆಯನ್ನ ಹಾಳು ಮಾಡುವುದು.

ಸ್ಕ್ರಿಪ್ಟಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ ಅನ್ನಿ. ಚಿಕ್ಕಪೇಟೆಯಿಂದ ತಂದ ಬಿಳಿ ಪಂಚೆಯನ್ನ ಹಾಗೇ ಉಡಿಸಿದರೆ ಬೀಗರ ಮನೆಗೆ ಹೊರಟವರಂತೆ ಕಾಣ್ತಾರೆ. ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಮಾಸಲು ಮಾಡಬೇಕು. ಜುಬ್ಬದ ಮೊಣಕೈಗೆ, ಕತ್ತಿನ ಪಟ್ಟಿಗೆ ಉಪ್ಪುಕಾಗದ ಉಜ್ಜಬೇಕು. ಜೇಬಿಗೆ ಕನ್ನಡಕದ ಡಬ್ಬಿ ಹಾಕಿ ನಾಲ್ಕು ದಿನ ನೇತುಹಾಕಿದರೆ ಜೇಬು ತಾನಾಗಿ ಜೋಲುತ್ತೆ. ಮಳೆ ಸೀನಿದ್ದರೆ ಎರಡನೇ ಟೇಕಿಗೆ ಒಣ ಬಟ್ಟೆ ಬೇಕಲ್ಲ? ಇಷ್ಟನ್ನೂ ಮೂರು ಜೊತೆಗೆ ಮಾಡಬೇಕು, ಒಂದೇ ಕಡೆ ಒಂದೇ ಕಲೆ. ಇಲ್ಲಿಗೆ ಬರುವಾಗ ಬಹಳ ಜನ ಮುಖ ಸಣ್ಣದು ಮಾಡ್ಕೋತಾರೆ.

ಇನ್ನೊಂದು ತಲೆನೋವು ಕಂಟಿನ್ಯುಟಿ, ಅಂದರೆ ಬೇರೆ ಬೇರೆ ದಿನ ತೆಗೆದ ಶಾಟುಗಳಲ್ಲೂ ಉಡುಪು ಒಂದೇ ಥರ ಕಾಣಬೇಕು. ಹೊಸಿಲಿನಾಚೆಯ ಶಾಟ್ ಇವತ್ತು, ಒಳಗೆ ಕಾಲಿಡುವುದು ಹದಿನೈದು ದಿನ ಬಿಟ್ಟು. ತೋಳು ಎಷ್ಟು ಮಡಿಕೆ, ಮೇಲಿನ ಗುಂಡಿ ಹಾಕಿತ್ತಾ ಬಿಟ್ಟಿತ್ತಾ, ಎಲ್ಲ ನಿಮ್ಮ ಲೆಕ್ಕ. ನನ್ನ ಮೊದಲ ಸಿನಿಮಾದಲ್ಲಿ ಎಡಗೈ ವಾಚನ್ನ ಬಲಗೈಗೆ ಕಟ್ಟಿಸಿ ಅರ್ಧ ದಿನದ ಶೂಟಿಂಗ್ ಹಾಳು ಮಾಡಿದ್ದೆ. ಅವತ್ತಿನಿಂದ ಪ್ರತಿ ಶಾಟಿಗೂ ಫೋಟೋ.

ಎಲ್ಲಿ ಕಲಿಯುವುದು? ಸಿನಿಮಾ ಆಫೀಸುಗಳಿಗಾಗಿ ಗಾಂಧಿನಗರ ಸುತ್ತುವ ಮುಂಚೆ ನಾಟಕದ ತಂಡ ಹಿಡಿಯಿರಿ. ರಂಗಶಂಕರದಲ್ಲೋ ಕಲಾಕ್ಷೇತ್ರದಲ್ಲೋ ನಾಟಕ ಮುಗಿದ ಮೇಲೆ ಹಿಂದೆ ಹೋಗಿ ಮಾತಾಡಿಸಿ. ಇಸ್ತ್ರಿಗೆ, ಟ್ರಂಕು ಕಟ್ಟುವುದಕ್ಕೆ ಕೈ ಯಾವಾಗಲೂ ಕಡಿಮೆಯೇ. ‘ತಾಯಿ ಸಾಹೇಬ’ಕ್ಕೆ ವಸ್ತ್ರವಿನ್ಯಾಸದ ರಾಷ್ಟ್ರಪ್ರಶಸ್ತಿ ಪಡೆದ ವೈಶಾಲಿ ಕಾಸರವಳ್ಳಿಯವರೂ ರಂಗಭೂಮಿಯವರೇ.

ಡಿಸೈನರ್ ಹತ್ತಿರ ಅಸಿಸ್ಟೆಂಟ್ ಕೆಲಸ ಕೇಳಲು ಹೋಗುವಾಗ ಚಂದದ ಗೌನಿನ ಸ್ಕೆಚ್ ಬೇಡ. ಯಾವುದಾದರೂ ಒಂದು ಸಣ್ಣಕತೆ ತಗೊಳ್ಳಿ, ಒಂದೊಂದು ಸೀನಿಗೂ ಯಾರು ಏನು ಉಟ್ಟಿದ್ದಾರೆ, ಎಷ್ಟು ಜೊತೆ ಬೇಕು, ಎಷ್ಟು ಖರ್ಚು ಅಂತ ಪಟ್ಟಿ ಮಾಡಿ ಒಯ್ಯಿರಿ. ಬಿ.ಕಾಂ. ಅಲ್ಲಿ ಉಪಯೋಗಕ್ಕೆ ಬರುತ್ತೆ, ತಮಾಷೆ ಅಲ್ಲ. ಸಂಬಳದ ಮಾತು, ಬಟಾ (ದಿನದ ಭತ್ಯೆ), ರಾತ್ರಿ ಮನೆಗೆ ಬಿಡುವ ಗಾಡಿ ಇವನ್ನ ಶೆಡ್ಯೂಲ್ ಶುರುವಾಗುವ ಮುಂಚೆಯೇ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.