ನೇರಳೆ ಚೆಂಡಿನ ಆಸೆಯವರಿಗೆ: ಬೆಂಗಳೂರಲ್ಲಿ ಅರಳುವ ಈರುಳ್ಳಿ ಹೂಗಳು

ಸೆಪ್ಟೆಂಬರ್ ಹತ್ತಿರ ಬಂತೆಂದರೆ ಆನ್‌ಲೈನ್‌ನಲ್ಲಿ ವಿದೇಶಿ ಗಡ್ಡೆಗಳ ಮಾರಾಟ ಶುರುವಾಗುತ್ತದೆ. ಅದರ ಬೆನ್ನಿಗೇ ನನಗೆ ಫೋಟೊಗಳು ಬರುತ್ತವೆ: ಎದೆಯೆತ್ತರದ ನೆಟ್ಟಗಿನ ದಂಟು, ತುದಿಯಲ್ಲಿ ದುಂಡನೆಯ ನೇರಳೆ ಹೂಚೆಂಡು. ‘ಸರ್, ಇದು ನಮ್ಮ ಟೆರೇಸಿನಲ್ಲಿ ಬರುತ್ತಾ?’ ಅದು ಅಲಿಯಂ, ನಮ್ಮ ಅಡುಗೆಮನೆಯ ಈರುಳ್ಳಿಯ ಕುಲದ್ದೇ. ಆದರೆ ಚಿತ್ರದಲ್ಲಿರುವ ಗಿಗಾಂಟಿಯಂ, ಕ್ರಿಸ್ಟೋಫಿಯಂಥ ಜಾತಿಗಳ ತವರು ಮಧ್ಯ ಏಷ್ಯಾ ಮತ್ತು ಇರಾನ್ ಕಡೆಯ ಬೆಟ್ಟಗಳು. ನನ್ನ ಉತ್ತರ ಯಾವಾಗಲೂ ಒಂದೇ: ಕಷ್ಟಪಟ್ಟರೆ ಒಂದು ಸಲ ಹೂ ನೋಡಬಹುದು, ಆದರೆ ವರ್ಷವರ್ಷವೂ ಹೂ ಬಿಡುವ ಗಿಡವಾಗಿ ಅದು ಇಲ್ಲಿ ಉಳಿಯುವುದಿಲ್ಲ.

ಕಾರಣ ತಿಳಿದರೆ ದುಡ್ಡು ಉಳಿಯುತ್ತದೆ. ಆ ಬೆಟ್ಟಗಳಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಕೊರೆಯುವ ಚಳಿ. ಗಡ್ಡೆಯೊಳಗಿನ ಹೂದಂಟು ಉದ್ದವಾಗಿ ಮೇಲೇಳಲು ಆ ಚಳಿಯೇ ಬೇಕು. ವಸಂತದಲ್ಲಿ ಹೂ ಬಿಟ್ಟ ಮೇಲೆ ಎಲೆ ಒಣಗಿ, ಗಡ್ಡೆ ಬೇಸಿಗೆಯಿಡೀ ಒಣಮಣ್ಣಿನಲ್ಲಿ ಮಲಗುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ನಮ್ಮ ಊರಿನಲ್ಲಿ ಡಿಸೆಂಬರ್–ಜನವರಿಯ ರಾತ್ರಿಯೂ ಸಾಮಾನ್ಯವಾಗಿ 15–16 ಡಿಗ್ರಿಗೆ ಬಂದು ನಿಲ್ಲುತ್ತದೆ. ನಮಗೆ ಸ್ವೆಟರ್ ಹಾಕುವಷ್ಟಾದರೂ ಆ ಗಡ್ಡೆಗೆ ಅದು ಚಳಿಯೇ ಅಲ್ಲ. ಇನ್ನು ಅದು ಮಲಗಬೇಕಾದ ಹೊತ್ತಿಗೆ ನಮ್ಮಲ್ಲಿ ಮೇ ತಿಂಗಳ ಗುಡುಗು ಮಳೆ ಶುರು, ಅಕ್ಟೋಬರ್‌ವರೆಗೂ ಮಣ್ಣು ಪೂರ್ತಿ ಆರುವುದಿಲ್ಲ. ಬೇಕಾದ ಚಳಿ ಇಲ್ಲ, ಬೇಡದ ತೇವ ಇದೆ. ಗಡ್ಡೆ ಕೊಳೆಯುತ್ತದೆ.

ಇಷ್ಟಾದರೂ ಒಮ್ಮೆ ನೋಡಲೇಬೇಕು ಎನ್ನುವವರು ಫ್ರಿಜ್ಜಿನ ದಾರಿ ಹಿಡಿಯಬೇಕು. ಗಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ, ತರಕಾರಿ ಡಬ್ಬದಲ್ಲಿ 4–5 ಡಿಗ್ರಿಯಲ್ಲಿ ಸುಮಾರು 12ರಿಂದ 14 ವಾರ ಇಡಬೇಕು. ಫ್ರೀಜರಿನಲ್ಲಿ ಬೇಡ. ಪಕ್ಕದಲ್ಲಿ ಸೇಬು, ಬಾಳೆಹಣ್ಣು ಇಡಬೇಡಿ, ಹಣ್ಣಿನಿಂದ ಬರುವ ಎಥಿಲಿನ್ ಅನಿಲ ಒಳಗಿನ ಮೊಗ್ಗನ್ನೇ ಕೊಲ್ಲುತ್ತದೆ. ಸೆಪ್ಟೆಂಬರ್ ಮೊದಲಲ್ಲಿ ಇಟ್ಟು ಡಿಸೆಂಬರ್ ನಡುವೆ ನೆಟ್ಟರೆ ಬಿಸಿಲು ಏರುವ ಮೊದಲು ಹೂವಿನ ಆಸೆ ಇಟ್ಟುಕೊಳ್ಳಬಹುದು. ದಂಟು ಮಾತ್ರ ಚಿತ್ರದಷ್ಟು ಎತ್ತರ ಬರುವುದಿಲ್ಲ. ಹೂ ಹೋದ ಮೇಲೆ ಎಲೆ ನಿಧಾನವಾಗಿ ಅನ್ನ ಕೂಡಿಡಲು ತಂಪು ವಾತಾವರಣ ಬೇಕು, ನಮ್ಮ ಮಾರ್ಚ್–ಏಪ್ರಿಲ್ ಅದಕ್ಕೆ ಬಿಡುವುದಿಲ್ಲ. ಆದ್ದರಿಂದ ಅದನ್ನು ಒಂದು ಋತುವಿನ ಹೂವೆಂದೇ ಎಣಿಸಿ. ವಿದೇಶದಿಂದ ಬರುವವರ ಸೂಟ್‌ಕೇಸಿನಲ್ಲಂತೂ ಗಡ್ಡೆ ತರಿಸಬೇಡಿ. ಗಿಡಗಳ ಆಮದಿಗೆ ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಕಡ್ಡಾಯ. ಗಡ್ಡೆಯ ಜೊತೆ ಬರುವ ಹುಳು, ಶಿಲೀಂಧ್ರಕ್ಕೆ ನಮ್ಮ ಈರುಳ್ಳಿ ರೈತರು ಬೆಲೆ ತೆರಬೇಕಾಗುತ್ತದೆ.

ನನಗೆ ನಿಜಕ್ಕೂ ಪ್ರೀತಿಯಿರುವುದು ಮನೆಯ ಬುಟ್ಟಿಯಲ್ಲೇ ಇರುವ ಗಡ್ಡೆಯ ಮೇಲೆ. ಈರುಳ್ಳಿಯನ್ನು ಹೂವಿಗಾಗಿ ಬೆಳೆಸಿದವರು ನಗರದಲ್ಲಿ ತೀರಾ ಕಡಿಮೆ. ಬೀಜ ಮಾಡುವ ರೈತರಿಗೆ ಇದು ಹೊಸದಲ್ಲ: ಅಕ್ಟೋಬರ್–ನವೆಂಬರ್‌ನಲ್ಲಿ ತಾಯಿಗಡ್ಡೆ ನೆಡುತ್ತಾರೆ, ಚಳಿಗಾಲದಲ್ಲಿ ದಂಟು ಏಳುತ್ತದೆ. ನಮ್ಮ ಕಡೆಯ ಈರುಳ್ಳಿಗೆ ಇಲ್ಲಿನ ತೆಳು ಚಳಿಯೇ ಸಾಕು. ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ಬೆಂಗಳೂರು ರೋಸ್ ಈರುಳ್ಳಿ ಸಿಕ್ಕರಂತೂ ಒಳ್ಳೆಯದೇ.

ದೀಪಾವಳಿ ಕಳೆದು ಮಳೆ ಹಿಂದೆ ಸರಿದ ಮೇಲೆ, ಗಟ್ಟಿಯಾಗಿದ್ದು ತುದಿಯಲ್ಲಿ ಹಸಿರು ಮೊಳಕೆ ಇಣುಕಿರುವ ಗಡ್ಡೆಗಳನ್ನು ಆರಿಸಿಕೊಳ್ಳಿ. ಹನ್ನೆರಡು ಇಂಚಿನ ಕುಂಡಕ್ಕೆ ಮೂರು ಸಾಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು, ಮೇಲೊಂದು ಹಿಡಿ ಬೇವಿನ ಹಿಂಡಿ. ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಕುಂಡ ಬೇಡ, ನೀರು ಹಿಡಿದಿಟ್ಟು ಬುಡ ಕೊಳೆಸುತ್ತದೆ. ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರಲಿ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು, ಅಪಾರ್ಟ್‌ಮೆಂಟಿನ ಉತ್ತರ ದಿಕ್ಕಿನ ಬಾಲ್ಕನಿಯಲ್ಲಿ ಇದು ಸಾಧ್ಯವಿಲ್ಲ.

ದಂಟು ಟೊಳ್ಳು, ನಡುವೆ ಉಬ್ಬಿರುತ್ತದೆ. ತುದಿಯ ತೆಳು ಪೊರೆ ಹರಿದಾಗ ಒಳಗಿಂದ ನೂರಾರು ಪುಟ್ಟ ಬಿಳಿ ನಕ್ಷತ್ರಗಳು ಹೊರಬರುತ್ತವೆ, ಒಂದೊಂದರ ಎಸಳಿಗೂ ಹಸಿರು ಗೆರೆ. ಎಲ್ಲ ಒಟ್ಟಿಗೆ ಅರಳುವುದಿಲ್ಲ, ಹಾಗಾಗಿ ಒಂದೇ ಚೆಂಡು ವಾರಗಟ್ಟಲೆ ಹೊಸ ಹೂ ಕೊಡುತ್ತದೆ. ಪ್ರತಿ ಹೂವಿನಲ್ಲೂ ಮೊದಲು ಪರಾಗ ಉದುರಿ, ಆಮೇಲೆ ಅದರ ಹೆಣ್ಣುಭಾಗ ಬಲಿಯುವುದರಿಂದ ಕಾಳು ಕಟ್ಟಲು ಜೇನು ಬೇಕೇ ಬೇಕು. ಅದಕ್ಕೇ ರಸ ಹೀರುವ ಪುಟ್ಟ ಕೀಟ ಥ್ರಿಪ್ಸ್ ಬಿದ್ದು ಎಲೆಯಲ್ಲಿ ಬೆಳ್ಳಿಗೆರೆ ಕಂಡರೆ ಬೇವಿನ ಎಣ್ಣೆಯನ್ನು ಸಂಜೆ, ಎಲೆಗೆ ಮಾತ್ರ ಸಿಂಪಡಿಸಿ. ಅರಳಿದ ಹೂವಿಗೆ ಸೋಕಿಸಬೇಡಿ. ದಂಟಿಗೆ ಒಂದು ಕೋಲಿನ ಆಸರೆ ಕೊಡಿ. ಚೆಂಡಿನಲ್ಲಿ ಕಪ್ಪು ಕಾಳು ಇಣುಕತೊಡಗಿದಾಗ ಕತ್ತರಿಸಿ ನೆರಳಲ್ಲಿ ಒಣಗಿಸಿ, ಮುಂದಿನ ವರ್ಷದೊಳಗೇ ಬಿತ್ತಿ. ಈರುಳ್ಳಿ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ.

ನೇರಳೆ ಬಣ್ಣವೇ ಬೇಕಾದರೆ ದಕ್ಷಿಣ ಆಫ್ರಿಕಾದ ಟುಲ್ಬಾಗಿಯಾ ಇದೆ. ನರ್ಸರಿಯವರು ಸೊಸೈಟಿ ಗಾರ್ಲಿಕ್ ಎನ್ನುತ್ತಾರೆ. ಅದು ಅಲಿಯಂ ಅಲ್ಲ, ಹತ್ತಿರದ ನೆಂಟ, ಎಲೆ ಹಿಸುಕಿದರೆ ಬೆಳ್ಳುಳ್ಳಿ ವಾಸನೆ. ಹೂ ಚಿಕ್ಕದು, ತಿಳಿನೇರಳೆ. ಆದರೆ ಅದಕ್ಕೆ ಚಳಿಯ ಹಂಗಿಲ್ಲ, ನೀರು ನಿಲ್ಲದಿದ್ದರೆ ನಮ್ಮ ಮಳೆಯನ್ನೂ ತಾಳುತ್ತದೆ. ಪೊದೆ ಒತ್ತೊತ್ತಾದಾಗ ಕಿತ್ತು ಬಿಡಿಸಿ ನೆಟ್ಟರಾಯಿತು. ಚಪ್ಪಟೆ ಎಲೆಯ, ಬಿಳಿ ಹೂವಿನ ಗಾರ್ಲಿಕ್ ಚೈವ್ಸ್ ಕೂಡ ಇಷ್ಟೇ ಸುಲಭ, ಅದರ ಎಲೆ ಅಡುಗೆಗೂ ಆಗುತ್ತದೆ.

ಆ ಎಲೆ ಕೊಯ್ಯುವಾಗ ಮಾತ್ರ ಎಚ್ಚರ. ರೈನ್ ಲಿಲಿಯ ಎಲೆ ನೋಡಲು ಹಾಗೆಯೇ ಇರುತ್ತದೆ, ಅದು ವಿಷ. ಎರಡನ್ನೂ ಒಂದೇ ಕುಂಡದಲ್ಲಿ ನೆಡಬೇಡಿ, ಹಿಸುಕಿ ಮೂಸಿದಾಗ ಬೆಳ್ಳುಳ್ಳಿಯ ಘಾಟು ಬಾರದ ಎಲೆಯನ್ನು ಅಡುಗೆಮನೆಗೆ ಒಯ್ಯಬೇಡಿ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಈರುಳ್ಳಿ ಜಾತಿಯ ಗಿಡಗಳನ್ನೆಲ್ಲ ಅವುಗಳ ಬಾಯಿಗೆ ಸಿಗದಷ್ಟು ಎತ್ತರದಲ್ಲಿಡಿ. ಹಸಿಯಾಗಲಿ ಬೇಯಿಸಿದ್ದಾಗಲಿ, ಇವು ಆ ಪ್ರಾಣಿಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.