ಸ್ಟಡ್, ಬೇರಿಂಗ್ ಮತ್ತು ಬಲ ಸಾಗುವ ದಾರಿ

ಕಾರಿನ ಒಂದು ಚಕ್ರವನ್ನು ಹಿಡಿದಿಡುವುದು ನಾಲ್ಕೋ ಐದೋ ಸ್ಟಡ್‌ಗಳು, ಅಂದರೆ ನಟ್ ಕೂರುವ ಬೋಲ್ಟಿನಂಥ ಉಕ್ಕಿನ ಕಡ್ಡಿಗಳು. ಬಹುತೇಕ ಸಣ್ಣ ಕಾರುಗಳಲ್ಲಿ ಒಂದೊಂದರ ದಪ್ಪ ಬರೀ 12 ಮಿಲಿಮೀಟರ್. ಕಾರಿನ ಭಾರವೆಲ್ಲ ಈ ಸ್ಟಡ್‌ಗಳ ಮೇಲೇ ಕೂತಿದೆ ಅಂತ ಕಾಣುತ್ತದೆ, ಅಲ್ವಾ? ಆದರೆ ನಟ್ ಸರಿಯಾಗಿ ಬಿಗಿದಿದ್ದರೆ ಭಾರ ಹೊರುವ ಕೆಲಸವನ್ನು ಬಹುಪಾಲು ಘರ್ಷಣೆಯೇ ಮಾಡುತ್ತದೆ. ಸ್ಟಡ್‌ಗಳು ಚಕ್ರವನ್ನು ಹಬ್‌ಗೆ (ಚಕ್ರ ಕೂರುವ, ಅದರ ಜೊತೆ ತಿರುಗುವ ಲೋಹದ ಭಾಗ) ಎಷ್ಟು ಜೋರಾಗಿ ಒತ್ತಿ ಹಿಡಿದಿರುತ್ತವೆ ಎಂದರೆ, ಎರಡು ಲೋಹದ ಮುಖಗಳು ಒಂದರ ಮೇಲೊಂದು ಜಾರುವುದೇ ಇಲ್ಲ.

ಎಷ್ಟು ಜೋರು? 12 ಮಿ.ಮೀ. ಸ್ಟಡ್‌ನ ನಟ್ಟನ್ನು 100 ನ್ಯೂಟನ್ ಮೀಟರ್ ಟಾರ್ಕ್‌ಗೆ (ತಿರುಚುವ ಬಲಕ್ಕೆ) ಬಿಗಿದರೆ ಸುಮಾರು 40,000 ನ್ಯೂಟನ್ ಎಳೆತ ಹುಟ್ಟುತ್ತದೆ. ಅಂದರೆ ಒಂದು ಸ್ಟಡ್‌ಗೆ ನಾಲ್ಕು ಟನ್, ನಾಲ್ಕಕ್ಕೆ ಸೇರಿ ಹದಿನಾರು ಟನ್. ಸ್ವಿಫ್ಟ್‌ನಂಥ ಕಾರಿನ ಪೂರ್ತಿ ತೂಕವೇ ಒಂದು ಟನ್ನಿನ ಆಸುಪಾಸು. ಇಷ್ಟು ಎಳೆತಕ್ಕೆ ಸ್ಟಡ್ ಹಿಗ್ಗುತ್ತದೆ, ಅದೂ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು. ಹುಲ್ಲಿನ ಗಾಡಿಗೆ ಬಿಗಿದ ಹಗ್ಗದ ಹಾಗೆ, ಆ ಹಿಗ್ಗಿನಲ್ಲೇ ಹಿಡಿತವಿದೆ.

ನಟ್ ಸಡಿಲವಾದರೆ ಈ ಹಿಡಿತ ಹೋಗುತ್ತದೆ. ಆಗ ಪ್ರತಿ ಸುತ್ತಿನಲ್ಲೂ ಸ್ಟಡ್ ಅತ್ತಿತ್ತ ಬಾಗುತ್ತದೆ. 165/80 ಆರ್14 ಟೈರು ಒಂದು ಕಿಲೋಮೀಟರಿಗೆ 500ಕ್ಕೂ ಹೆಚ್ಚು ಸಲ ಸುತ್ತುತ್ತದೆ. ಬಾಗಿ ಬಾಗಿ ಉಕ್ಕಿನಲ್ಲಿ ಸಣ್ಣ ಬಿರುಕು ಮೂಡುತ್ತದೆ, ಬೆಳೆಯುತ್ತದೆ, ಒಂದು ದಿನ ಸ್ಟಡ್ ಮುರಿಯುತ್ತದೆ. ಅತಿ ಬಿಗಿದರೂ ತೊಂದರೆಯೇ. ಅಂಗಡಿಯಲ್ಲಿ ನಟ್ ಬಿಗಿಯುವ ಇಂಪ್ಯಾಕ್ಟ್ ಗನ್ ಇಟ್ಟು ಸುಮ್ನೆ ಗರ್ ಅನ್ನಿಸಿಬಿಟ್ಟರೆ, ಸ್ಟಡ್ ಮತ್ತೆ ಮೊದಲಿನ ಉದ್ದಕ್ಕೆ ಬಾರದಷ್ಟು ಹಿಗ್ಗಬಹುದು. ಥ್ರೆಡ್ ಹೋಗುವುದೂ ಹೀಗೆಯೇ.

ಥ್ರೆಡ್‌ಗೆ ಎಣ್ಣೆ ಹಚ್ಚಿದರೆ ಒಳ್ಳೆಯದು ಅನ್ನುವವರು ಬಹಳ. ಆದರೆ ನಾವು ಹಾಕುವ ಟಾರ್ಕ್‌ನಲ್ಲಿ ನೂರಕ್ಕೆ ಸುಮಾರು 90 ಭಾಗ ನಟ್‌ನ ಅಡಿಯ ಮತ್ತು ಥ್ರೆಡ್‌ನ ಘರ್ಷಣೆಗೇ ಖರ್ಚಾಗುತ್ತದೆ. ಸ್ಟಡ್ಡನ್ನು ಎಳೆಯಲು ಉಳಿಯುವುದು ಹತ್ತೇ ಭಾಗ. ಎಣ್ಣೆ ಹಚ್ಚಿದಾಗ ಘರ್ಷಣೆ ತಗ್ಗುತ್ತದೆ. ಅದೇ ಟಾರ್ಕ್‌ಗೆ ಎಳೆತ ತುಂಬಾ ಜಾಸ್ತಿಯಾಗುತ್ತದೆ. ಕಾರಿನ ಕೈಪಿಡಿ ಬೇರೆ ಹೇಳದಿದ್ದರೆ ಥ್ರೆಡ್ ಒಣಗಿರಲಿ, ಚೊಕ್ಕವಾಗಿರಲಿ.

ಸ್ಟಡ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಸಮತಟ್ಟಾದ ನೆಲ ಬೇಕು. ಬೇರೆ ಚಕ್ರಗಳಿಗೆ ತಡೆ ಕೊಡಿ. ಬರೀ ಜಾಕ್ ನಂಬಬೇಡಿ, ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ. ಚಕ್ರ ಬಿಚ್ಚಿ, ಡಿಸ್ಕ್ ಅಥವಾ ಡ್ರಮ್ ತೆಗೆದರೆ ಹಬ್ ಕಾಣುತ್ತದೆ. ಸ್ಟಡ್ ಹಿಂದಿನಿಂದ ಬಂದು ಹಬ್‌ನ ತೂತಿನಲ್ಲಿ ಕಚ್ಚಿ ಕೂತಿರುತ್ತದೆ. ಅದರ ಕುತ್ತಿಗೆಯ ಸುತ್ತ ಇರುವ ಹಲ್ಲುಗಳೇ ಅದನ್ನು ತಿರುಗದಂತೆ ತಡೆಯುತ್ತವೆ.

ಇಲ್ಲಿ ಎಲ್ಲರ ಕೈ ಹೋಗುವುದು ಸುತ್ತಿಗೆಗೆ. ಹೊಡೆದರೆ ಸ್ಟಡ್ ಬರುತ್ತದೆ, ನಿಜ. ಆದರೆ ಆ ಏಟು ಹಬ್ ದಾಟಿ, ಹಬ್ ಸಲೀಸಾಗಿ ತಿರುಗಲು ಇರುವ ಬೇರಿಂಗ್‌ನ ಗುಂಡುಗಳಿಗೆ ತಲುಪುತ್ತದೆ. ಗುಂಡು ಮತ್ತು ಅದು ಉರುಳುವ ಉಕ್ಕಿನ ಉಂಗುರ, ಅಂದರೆ ರೇಸ್, ಮುಟ್ಟುವ ಜಾಗ ಒಂದು ಚುಕ್ಕಿಯಷ್ಟೇ. ಹಾಗಾಗಿ ಸಣ್ಣ ಏಟೂ ಅಲ್ಲಿ ಭಾರೀ ಒತ್ತಡವಾಗುತ್ತದೆ. ಒಳ್ಳೆಯ ಗಟ್ಟಿ ಉಕ್ಕಿನಲ್ಲೂ ಪುಟ್ಟ ಗುಳಿ ಬೀಳುತ್ತದೆ. ಇದಕ್ಕೆ ಬ್ರಿನೆಲಿಂಗ್ ಎನ್ನುತ್ತಾರೆ. 1900ರಲ್ಲಿ, ಉಕ್ಕಿನ ಮೇಲೆ ಗುಂಡು ಒತ್ತಿ ಗಟ್ಟಿತನ ಅಳೆಯುವ ವಿಧಾನವನ್ನು ಜಗತ್ತಿಗೆ ತೋರಿಸಿದ ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್ ಅವರ ಹೆಸರು ಅದು. ಹೊಸ ಸ್ಟಡ್ ಹಾಕಿದ ಕೆಲವೇ ದಿನಕ್ಕೆ ಚಕ್ರ ಗುಂಯ್‌ಗುಡಲು ಶುರುವಾದರೆ, ಸುತ್ತಿಗೆಯ ಮೇಲೆ ನನಗೆ ಮೊದಲ ಅನುಮಾನ.

ಅದರ ಬದಲು ಗಟ್ಟಿ ಸಿ-ಕ್ಲ್ಯಾಂಪಿನಿಂದ ಹಳೇ ಸ್ಟಡ್ಡನ್ನು ಹಿಂದಕ್ಕೆ ಒತ್ತಿ ತೆಗೆಯಿರಿ. ಹೊಸದನ್ನು ಹಿಂದಿನಿಂದ ತೂರಿಸಿ, ಮುಂದೆ ನಾಲ್ಕೈದು ವಾಷರ್ ಹಾಕಿ, ನಟ್ ತಿರುಗಿಸುತ್ತಾ ನಿಧಾನಕ್ಕೆ ಎಳೆಯಿರಿ. ಸ್ಟಡ್‌ನ ತಲೆ ಹಬ್‌ಗೆ ಪೂರ್ತಿ ತಾಗಿ ಕೂರಬೇಕು. ಎಳೆಯಲು ಬಳಸಿದ ನಟ್ಟನ್ನು ಮತ್ತೆ ಚಕ್ರಕ್ಕೆ ಹಾಕಬೇಡಿ.

ಬೇರಿಂಗ್ ವಿಷಯ ಬೇರೆ. 1794ರಲ್ಲಿ ವೇಲ್ಸ್‌ನ ಫಿಲಿಪ್ ವಾನ್ ಗಾಡಿಯ ಅಚ್ಚಿಗೆ ಗುಂಡಿನ ಬೇರಿಂಗ್‌ನ ಪೇಟೆಂಟ್ ಪಡೆದರು. ಇಂದಿನ ಕಾರಿನ ಬೇರಿಂಗ್‌ನಲ್ಲಿ ಎರಡು ಸಾಲು ಗುಂಡುಗಳು. ಅವು ನೇರ ಭಾರವನ್ನೂ ತಿರುವಿನ ಅಡ್ಡ ಒತ್ತಡವನ್ನೂ ಹೊರುತ್ತವೆ. ಗುಂಡಿಗೂ ರೇಸಿಗೂ ನಡುವೆ ಗ್ರೀಸಿನ ಪದರ ಹೆಚ್ಚಾಗಿ ಒಂದು ಮೈಕ್ರಾನಿಗಿಂತ ತೆಳು. ಸೀಲ್ ದಾಟಿ ಮಳೆನೀರೋ ಮಣ್ಣೋ ಒಳಗೆ ಹೋದರೆ ಆ ಪದರ ಉಳಿಯುವುದಿಲ್ಲ. ಭಾರದ ಲೆಕ್ಕವಂತೂ ಇನ್ನೂ ಕಠಿಣ: ಗುಂಡಿನ ಬೇರಿಂಗ್ ಮೇಲೆ ಭಾರ ಎರಡು ಪಟ್ಟಾದರೆ ಆಯಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.

ಸದ್ದು ಕೇಳಿ ಯಾವ ಕಡೆಯದು ಎಂದು ಊಹಿಸಬಹುದು. ಎಡಕ್ಕೆ ತಿರುಗಿದಾಗ ಭಾರ ಬಲಗಡೆಗೆ ವಾಲುತ್ತದೆ. ಆಗ ಗುಂಯ್ ಜಾಸ್ತಿಯಾದರೆ ಸಾಮಾನ್ಯವಾಗಿ ಬಲ ಬೇರಿಂಗ್ ಹೋಗಿದೆ. ಚಕ್ರ ಎತ್ತಿ ಕೈಯಿಂದ ತಿರುಗಿಸಿ, ಸಸ್ಪೆನ್ಷನ್ ಸ್ಪ್ರಿಂಗ್ ಮೇಲೆ ಇನ್ನೊಂದು ಕೈ ಇಡಿ. ಬೇರಿಂಗ್ ಒರಟಾಗಿದ್ದರೆ ಬೆರಳಿಗೇ ಗೊತ್ತಾಗುತ್ತದೆ.

ಹಬ್ಬೂ ಬೇರಿಂಗೂ ಒಂದೇ ಆಗಿ ಬರುವ, ಬೋಲ್ಟ್ ಹಾಕಿ ಕೂರಿಸುವ ಹಬ್ ಯೂನಿಟ್ ಆದರೆ ಮನೆಯಲ್ಲೇ ಬದಲಿಸಬಹುದು. ಒತ್ತಿ ಕೂರಿಸುವ ಬೇರಿಂಗ್ ಆದರೆ ನಕಲ್ (ಬೇರಿಂಗ್ ಕೂರುವ ಲೋಹದ ಮನೆ, knuckle) ಬಿಚ್ಚಿಕೊಂಡು ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಹೋಗುವುದೇ ವಾಸಿ. ಎದುರಿಗೇ ನಿಂತು ನೋಡಿ. ಬೇರಿಂಗನ್ನು ನಕಲ್‌ಗೆ ಒತ್ತುವಾಗ ಒತ್ತಡ ಹೊರಗಿನ ರೇಸ್ ಮೇಲೆ ಬೀಳಬೇಕು. ಹಬ್ಬನ್ನು ಬೇರಿಂಗ್‌ಗೆ ಒತ್ತುವಾಗ ಕೆಳಗಿನ ಆಸರೆ ಒಳಗಿನ ರೇಸ್‌ಗೆ ಇರಬೇಕು. ತಿರುವುಮುರುವಾದರೆ ಅಷ್ಟೂ ಒತ್ತಡ ಗುಂಡುಗಳ ಮೂಲಕವೇ ಹೋಗುತ್ತದೆ, ಹೊಸ ಬೇರಿಂಗ್ ಅಲ್ಲೇ ಕೆಡುತ್ತದೆ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಎಷ್ಟೋ ಕಾರುಗಳಲ್ಲಿ ಬೇರಿಂಗ್‌ನ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ಉಂಗುರವಿರುತ್ತದೆ. ಆ ಬದಿ ಚಕ್ರದ ವೇಗ ಅಳೆಯುವ ಸೆನ್ಸರ್ ಕಡೆಗಿರಬೇಕು.

ಜೋಡಿಸುವಾಗ ಆಕ್ಸಲ್ ನಟ್ (ಹಬ್‌ನ ನಡುವಿನ ದೊಡ್ಡ ನಟ್) ಪೂರ್ತಿ ಬಿಗಿಯುವ ತನಕ ಚಕ್ರದ ಮೇಲೆ ಕಾರಿನ ಭಾರ ಬಿಡಬೇಡಿ, ಬೇರಿಂಗ್‌ನ ಎರಡು ಸಾಲನ್ನು ಸೇರಿಸಿ ಹಿಡಿಯುವುದೇ ಆ ನಟ್. ಹಬ್‌ನ ಮುಖದ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ. ಚಕ್ರದ ನಟ್‌ಗಳನ್ನು ಎದುರುಬದುರಾಗಿ, ಕೈಪಿಡಿ ಹೇಳುವ ಟಾರ್ಕ್‌ಗೆ ಬಿಗಿಯಿರಿ. 50ರಿಂದ 100 ಕಿ.ಮೀ. ಓಡಿಸಿ ಟಾರ್ಕ್ ರೆಂಚ್‌ನಿಂದ ಇನ್ನೊಮ್ಮೆ ನೋಡಿ. ಹೊಸ ಸ್ಟಡ್‌ನ ತಲೆ ಓಡಾಟದಲ್ಲಿ ಕೂದಲೆಳೆಯಷ್ಟು ಒಳಗೆ ಸರಿದಿದ್ದರೂ ಆ ನಾಲ್ಕು ಟನ್ ಎಳೆತದಲ್ಲಿ ದೊಡ್ಡ ಪಾಲು ಕಡಿಮೆಯಾಗಿರುತ್ತದೆ.