ಮೆಸೇಜ್ ಲೂಪ್: ವಿಂಡೋ 'ಹ್ಯಾಂಗ್' ಆದಾಗ ಒಳಗೆ ನಡೆಯುವುದೇನು?

ಬಳಕೆದಾರರು 'ರಿಪೋರ್ಟ್' ಬಟನ್ ಒತ್ತುತ್ತಾರೆ. ಒಳಗೆ ಹೋದ ಬಟನ್ ಮೇಲೆ ಏಳುವುದೇ ಇಲ್ಲ. ಸ್ವಲ್ಪ ಹೊತ್ತಿಗೆ ವಿಂಡೋ ಬೆಳ್ಳಗೆ ಮಸುಕಾಗುತ್ತದೆ. ಟೈಟಲ್ ಬಾರ್‌ನಲ್ಲಿ ಹೆಸರಿನ ಪಕ್ಕ 'ನಾಟ್ ರೆಸ್ಪಾಂಡಿಂಗ್' ಅಂತ ಬರುತ್ತದೆ. ಅವರ ಮಟ್ಟಿಗೆ ಸಾಫ್ಟ್‌ವೇರ್ ಕೆಟ್ಟುಹೋಯಿತು. ಆದರೆ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಪ್ರೋಗ್ರಾಂ ಮೈಮುರಿದು ದುಡಿಯುತ್ತಿರುತ್ತದೆ. ಸುಮ್ನೆ ಬಿಟ್ಟರೆ ಒಂದೆರಡು ನಿಮಿಷದಲ್ಲಿ ರಿಪೋರ್ಟ್ ಕೊಟ್ಟು, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಸರಿಹೋಗುತ್ತದೆ.

ಪ್ರೋಗ್ರಾಂ ಕ್ರ್ಯಾಶ್ ಆಗಿರಲಿಲ್ಲ. ಅದರ ಮೆಸೇಜ್ ಲೂಪ್, ಅಂದರೆ ಬಂದ ಮೆಸೇಜ್‌ಗಳನ್ನು ಒಂದೊಂದಾಗಿ ತೆಗೆದು ಓಡಿಸುವ ಸುತ್ತು, ತಿರುಗುವುದು ನಿಂತಿತ್ತು, ಅಷ್ಟೇ. ಲೇಬಲ್‌ನಲ್ಲಿ ಹಾಕಿದ ಅಕ್ಷರ ಯಾಕೆ ಕಾಣಲಿಲ್ಲ? ಬೇರೆ ಥ್ರೆಡ್‌ನಿಂದ (ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಇನ್ನೊಂದು ಕೆಲಸದ ಎಳೆಯಿಂದ) ಟೆಕ್ಸ್ಟ್‌ಬಾಕ್ಸ್ ಮುಟ್ಟಿದರೆ ಎರರ್ ಯಾಕೆ? ಥ್ರೆಡ್ ಹಾಕಿದ ಮೇಲೂ ಸ್ಕ್ರೀನ್ ಯಾಕೆ ಅಂಟಿಕೊಳ್ಳುತ್ತದೆ? ಡೆಸ್ಕ್‌ಟಾಪ್ ಡೆವಲಪರ್‌ಗಳ ಇಂಥ ಎಷ್ಟೋ ಪ್ರಶ್ನೆಗಳ ಬೇರು ಇಲ್ಲೇ ಇದೆ.

ಮೂರು ಸಾಲಿನ ಯಂತ್ರ

ವಿಂಡೋಸ್‌ನಲ್ಲಿ ನೀವು ಕೀಲಿ ಒತ್ತಿದರೂ, ಮೌಸ್ ಅಲ್ಲಾಡಿಸಿದರೂ, ಟೈಮರ್ ಮುಗಿದರೂ, ವಿಂಡೋವನ್ನು ಮತ್ತೆ ಬಿಡಿಸಬೇಕಾದರೂ ಅದು ಪ್ರೋಗ್ರಾಂಗೆ ಒಂದು ಮೆಸೇಜ್ ಆಗಿ ಬರುತ್ತದೆ. ವಿಂಡೋ ತೆರೆದ ಪ್ರತಿ ಥ್ರೆಡ್‌ಗೂ ಅದರದ್ದೇ ಒಂದು ಕ್ಯೂ (ಮೆಸೇಜ್‌ಗಳ ಸರದಿ ಸಾಲು) ಇರುತ್ತದೆ. ಸಿ ಭಾಷೆಯಲ್ಲಿ ನೇರವಾಗಿ ಬರೆದ ಪ್ರೋಗ್ರಾಂ ಆದರೆ ಕೊನೆಯಲ್ಲಿ ಒಂದು ಪುಟ್ಟ ವೈಲ್ ಲೂಪ್ ಕಾಣುತ್ತದೆ. ಗೆಟ್‌ಮೆಸೇಜ್ ಕ್ಯೂನಿಂದ ಒಂದು ಮೆಸೇಜ್ ತೆಗೆಯುತ್ತದೆ. ಟ್ರಾನ್ಸ್‌ಲೇಟ್‌ಮೆಸೇಜ್ ಕೀಲಿ ಒತ್ತಿದ್ದನ್ನು ಅಕ್ಷರದ ಮೆಸೇಜ್ ಮಾಡುತ್ತದೆ. ಡಿಸ್ಪ್ಯಾಚ್‌ಮೆಸೇಜ್ ಅದನ್ನು ಆ ವಿಂಡೋದ ಫಂಕ್ಷನ್‌ಗೆ ಕೊಡುತ್ತದೆ. ಮತ್ತೆ ಮೊದಲಿನಿಂದ ಶುರು.

ಕ್ಯೂ ಖಾಲಿ ಇದ್ದರೆ ಗೆಟ್‌ಮೆಸೇಜ್ ಅಲ್ಲೇ ಮಲಗುತ್ತದೆ, ಸಿಪಿಯು ತಿನ್ನುವುದಿಲ್ಲ. ಕ್ವಿಟ್ ಮೆಸೇಜ್ ಬಂದರೆ ಸೊನ್ನೆ ಕೊಡುತ್ತದೆ, ಲೂಪ್ ಮುಗಿಯುತ್ತದೆ, ಪ್ರೋಗ್ರಾಂ ಮುಚ್ಚುತ್ತದೆ. ಎರರ್ ಆದರೆ ಮೈನಸ್ 1 ಕೊಡುತ್ತದೆ. ಸಿ ಭಾಷೆಗೆ ಮೈನಸ್ 1 ಕೂಡ 'ನಿಜ'ವೇ. ಹಾಗಾಗಿ ಸುಮ್ನೆ ವೈಲ್ ಒಳಗೆ ಗೆಟ್‌ಮೆಸೇಜ್ ಹಾಕಿದ ಕೋಡ್ ಎರರ್ ಆದಾಗಲೂ ತಿರುಗುತ್ತಲೇ ಇರುತ್ತದೆ. ಪಾಠದ ಮಾದರಿಗಳಲ್ಲಿ ಇದನ್ನು ಪರೀಕ್ಷಿಸಿದ್ದು ಕಡಿಮೆಯೇ.

ಇಲ್ಲಿ ಗಮನಿಸಬೇಕಾದದ್ದು ಡಿಸ್ಪ್ಯಾಚ್‌ಮೆಸೇಜ್. ಅದು ನಿಮ್ಮ ಫಂಕ್ಷನ್ನನ್ನು ಮಾಮೂಲಿ ಫಂಕ್ಷನ್ ಕರೆದ ಹಾಗೇ ಕರೆಯುತ್ತದೆ. ಅದರಲ್ಲಿ ಮಾಯೆ ಏನೂ ಇಲ್ಲ. ನಿಮ್ಮ ಬಟನ್ ಕ್ಲಿಕ್ ಕೋಡ್ ಮುಗಿದು ವಾಪಸ್ ಬರುವವರೆಗೆ ಲೂಪ್ ಮುಂದಿನ ಸುತ್ತಿಗೆ ಹೋಗುವುದಿಲ್ಲ. ಕ್ಲಿಕ್ ಕೋಡ್ 40 ಸೆಕೆಂಡ್ ತೆಗೆದುಕೊಂಡರೆ ಆ 40 ಸೆಕೆಂಡ್ ಯಾವ ಮೆಸೇಜನ್ನೂ ಯಾರೂ ನೋಡುವುದಿಲ್ಲ.

ವಿನ್‌ಫಾರ್ಮ್ಸ್, ಕ್ಯೂಟಿ, ಟಿಕಿಂಟರ್‌ನಂಥ ವಿಂಡೋ ಕಟ್ಟುವ ಲೈಬ್ರರಿ ಬಳಸುವವರಿಗೆ ಈ ಲೂಪ್ ಕಣ್ಣಿಗೆ ಬೀಳುವುದಿಲ್ಲ. ಆದರೆ ಅಲ್ಲೂ ಇದೆ. ಅಪ್ಲಿಕೇಶನ್ ಡಾಟ್ ರನ್, ಕ್ಯೂಟಿಯ ಎಕ್ಸೆಕ್, ಟಿಕಿಂಟರ್‌ನ ಮೇನ್‌ಲೂಪ್ ಎಲ್ಲವೂ ಅದೇ. ಮೇನ್ ಫಂಕ್ಷನ್ ಆ ಸಾಲಿಗೆ ಬಂದು ನಿಲ್ಲುತ್ತದೆ. ಪ್ರೋಗ್ರಾಂನ ಉಳಿದ ಆಯುಷ್ಯವೆಲ್ಲ ಆ ಒಂದು ಸಾಲಿನೊಳಗೇ ಕಳೆಯುತ್ತದೆ.

ಕಾಣದ ಲೇಬಲ್

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಕ್ಲಿಕ್ ಕೋಡ್‌ನ ಮೊದಲ ಸಾಲಿನಲ್ಲಿ ಲೇಬಲ್‌ಗೆ 'ಲೋಡ್ ಆಗುತ್ತಿದೆ' ಅಂತ ಹಾಕಿದ್ದೀರಿ. ಎರಡನೇ ಸಾಲಿನಲ್ಲಿ ದೊಡ್ಡ ಫೈಲ್ ಓದುವ ಕೆಲಸ. ಮೂರನೇ ಸಾಲಿನಲ್ಲಿ ಲೇಬಲ್‌ಗೆ 'ಮುಗಿಯಿತು'. ಓಡಿಸಿದರೆ ಕಾಣುವುದು 'ಮುಗಿಯಿತು' ಮಾತ್ರ. ಮೊದಲನೆಯದು ಎಲ್ಲಿ ಹೋಯಿತು?

ವಿನ್‌ಫಾರ್ಮ್ಸ್‌ನಲ್ಲಿ ಲೇಬಲ್‌ನ ಟೆಕ್ಸ್ಟ್ ಬದಲಿಸಿದರೆ ಆ ಕ್ಷಣಕ್ಕೆ ಸ್ಕ್ರೀನ್ ಮೇಲೆ ಏನೂ ಬರೆಯುವುದಿಲ್ಲ. 'ಈ ಜಾಗ ಹಳತಾಯಿತು, ಮತ್ತೆ ಬಿಡಿಸಿ' ಅಂತ ಗುರುತು ಹಾಕುತ್ತದೆ, ಅಷ್ಟೇ. ನಿಜವಾಗಿ ಬಿಡಿಸುವುದು ಪೇಂಟ್ ಮೆಸೇಜ್ ಬಂದಾಗ. ಅದು ಬರಬೇಕಾದರೆ ಲೂಪ್ ತಿರುಗಬೇಕು. ನೀವು ಎರಡನೇ ಸಾಲಿನಲ್ಲಿ ಲೂಪನ್ನು ಹಿಡಿದಿಟ್ಟುಕೊಂಡಿದ್ದೀರಲ್ವಾ? ಬಿಟ್ಟುಕೊಡುವ ಹೊತ್ತಿಗೆ ಲೇಬಲ್‌ನಲ್ಲಿ 'ಮುಗಿಯಿತು' ಬಂದು ಕೂತಿರುತ್ತದೆ.

ಪೇಂಟ್ ಮೆಸೇಜ್ ಕ್ಯೂನಲ್ಲಿ ಇರುವುದೂ ಇಲ್ಲ. ಬೇರೆ ಕೆಲಸ ಇಲ್ಲದಾಗ, ಗುರುತು ಹಾಕಿದ ಜಾಗ ಇದ್ದರೆ, ವಿಂಡೋಸ್ ಅದನ್ನು ಆಗಲೇ ಹುಟ್ಟಿಸುತ್ತದೆ. ಕೋಡ್‌ನಿಂದ ಪೋಸ್ಟ್ ಮಾಡಿದ ಮೆಸೇಜ್‌ಗಳು ಮೊದಲು, ಆಮೇಲೆ ಕೀಬೋರ್ಡ್ ಮತ್ತು ಮೌಸ್, ಅದಾದ ಮೇಲೆ ಪೇಂಟ್, ಎಲ್ಲರಿಗಿಂತ ಕೊನೆಗೆ ಟೈಮರ್. ಹೀಗಾಗಿ ಒಂದೇ ಜಾಗಕ್ಕೆ ನೂರು ಸಲ ಗುರುತು ಹಾಕಿದರೂ ಬಿಡಿಸುವುದು ಒಂದೇ ಸಲ. ಇದರದ್ದೇ ಇನ್ನೊಂದು ಮುಖ: ಪೇಂಟ್ ಮೆಸೇಜ್ ಬಂದಾಗ ಬಿಗಿನ್‌ಪೇಂಟ್ ಕರೆಯದೆ ಸುಮ್ನೆ ವಾಪಸ್ ಬಂದರೆ ಆ ಗುರುತು ಅಳಿಯುವುದೇ ಇಲ್ಲ. ವಿಂಡೋಸ್ ಪೇಂಟ್ ಮೆಸೇಜ್ ಕೊಡುತ್ತಲೇ ಇರುತ್ತದೆ, ಒಂದು ಕೋರ್ ಪೂರ್ತಿ ಉರಿಯುತ್ತದೆ.

ಟೈಮರ್ ಕೊನೆಯಲ್ಲಿದೆ ಅನ್ನುವುದು ಗಡಿಯಾರ, ಸ್ಟಾಪ್‌ವಾಚ್ ಬರೆಯುವವರಿಗೆ ಮುಖ್ಯ. ಟೈಮರ್ ಎಷ್ಟು ಸಲ ಬಂತು ಅಂತ ಎಣಿಸಿ ಸಮಯ ಲೆಕ್ಕ ಹಾಕಬೇಡಿ. ಪ್ರತಿ ಸಲ ಸಿಸ್ಟಂ ಸಮಯವನ್ನೇ ಓದಿ.

5 ಸೆಕೆಂಡ್ ಮತ್ತು ಭೂತ

ಒಂದು ವಿಂಡೋ 5 ಸೆಕೆಂಡ್ ಕಾಲ ಮೆಸೇಜ್ ಕೇಳದೆ ಇದ್ದರೆ ವಿಂಡೋಸ್ ಅದನ್ನು 'ಪ್ರತಿಕ್ರಿಯಿಸುತ್ತಿಲ್ಲ' ಅಂತ ತೀರ್ಮಾನಿಸುತ್ತದೆ. ವಿಂಡೋಸ್ ಎಕ್ಸ್‌ಪಿಯಿಂದ ಈಚೆಗೆ ಆ ಹೊತ್ತಿನಲ್ಲಿ ನಿಮ್ಮ ವಿಂಡೋವನ್ನು ಮರೆಮಾಡಿ, ಅದೇ ಜಾಗದಲ್ಲಿ ಅದರ ಪ್ರತಿಯೊಂದನ್ನು ತಂದಿಡುತ್ತದೆ. ಮೈಕ್ರೋಸಾಫ್ಟ್‌ನ ದಾಖಲೆಗಳಲ್ಲೇ ಇದರ ಹೆಸರು ಘೋಸ್ಟ್ ವಿಂಡೋ. ಆ ಮಸುಕು ವಿಂಡೋವನ್ನು ಎಳೆಯಬಹುದು, ಕೆಳಗಿಳಿಸಬಹುದು, ಮುಚ್ಚಬಹುದು. ಆದರೆ ಅದು ನಿಮ್ಮದಲ್ಲ. ನಿಮ್ಮ ಲೂಪ್ ಮತ್ತೆ ತಿರುಗಿದ ತಕ್ಷಣ ಭೂತ ಹೋಗಿ ಅಸಲಿ ವಿಂಡೋ ಬರುತ್ತದೆ.

'ನನ್ನ ಮಷಿನ್‌ನಲ್ಲಿ ಹೀಗೆ ಆಗಲ್ಲ' ಅನ್ನುವ ಡೆವಲಪರ್‌ಗಳಿಗೆ ಒಂದು ವಿಷಯ: ಡಿಬಗರ್‌ನಲ್ಲಿ (ಕೋಡ್‌ನ ತಪ್ಪು ಹುಡುಕುವ ಸಾಧನದಲ್ಲಿ) ಓಡುತ್ತಿರುವ ಪ್ರೋಗ್ರಾಂಗೆ ವಿಂಡೋಸ್ ಘೋಸ್ಟ್ ವಿಂಡೋ ಹಾಕುವುದೇ ಇಲ್ಲ. ನೀವು ಇಡೀ ದಿನ ಡಿಬಗರ್‌ನಲ್ಲೇ ಇದ್ದರೆ ನಿಮಗೆ ಅದು ಕಾಣಲು ಸಾಧ್ಯವಿಲ್ಲ.

ಮ್ಯಾಕ್‌ನಲ್ಲಿ ಇದೇ ಪರಿಸ್ಥಿತಿಗೆ ತಿರುಗುವ ಬಣ್ಣದ ಚೆಂಡು ಬರುತ್ತದೆ. ಲಿನಕ್ಸ್‌ನ ಎಕ್ಸ್11ನಲ್ಲಿ ವಿಂಡೋ ಮ್ಯಾನೇಜರ್ ಆಗಾಗ ಪಿಂಗ್ ಕಳಿಸುತ್ತದೆ, ಉತ್ತರ ಬರದಿದ್ದರೆ ಪ್ರೋಗ್ರಾಂ ಕೊಲ್ಲಬೇಕೋ ಕಾಯಬೇಕೋ ಅಂತ ಕೇಳುತ್ತದೆ.

ಇಷ್ಟಾದರೂ ಇಂದಿನವರು ಪುಣ್ಯವಂತರು. 16-ಬಿಟ್ ಕಾಲದಲ್ಲಿ, ಅಂದರೆ 1992ರ ವಿಂಡೋಸ್ 3.1ರವರೆಗೆ, ಒಂದು ಪ್ರೋಗ್ರಾಂ ತನ್ನ ಲೂಪ್ ನಿಲ್ಲಿಸಿದರೆ ಇಡೀ ಡೆಸ್ಕ್‌ಟಾಪ್ ನಿಲ್ಲುತ್ತಿತ್ತು. ಎಲ್ಲರೂ ತಾವಾಗಿಯೇ ಸರದಿ ಬಿಟ್ಟುಕೊಡಬೇಕಿತ್ತು. 1993ರ ವಿಂಡೋಸ್ ಎನ್‌ಟಿ, 1995ರ ವಿಂಡೋಸ್ 95 ಬಂದ ಮೇಲೆ 32-ಬಿಟ್ ಪ್ರೋಗ್ರಾಂಗಳ ಥ್ರೆಡ್‌ಗಳಿಗೆ ತಮ್ಮದೇ ಇನ್‌ಪುಟ್ ಕ್ಯೂ ಸಿಕ್ಕಿತು. ನಿಮ್ಮ ತಪ್ಪಿಗೆ ಈಗ ನಿಮ್ಮ ವಿಂಡೋ ಮಾತ್ರ ಸಾಯುತ್ತದೆ.

ಥ್ರೆಡ್ ಹಾಕಿದರೆ ಮುಗಿಯಿತಾ?

ಭಾರದ ಕೆಲಸವನ್ನು ಬೇರೆ ಥ್ರೆಡ್‌ಗೆ ಕೊಡಿ ಅನ್ನುವುದು ಸರಿಯಾದ ಸಲಹೆಯೇ. ಆದರೆ ಆ ಥ್ರೆಡ್ ಬಟನ್, ಲೇಬಲ್‌ನಂಥ ಕಂಟ್ರೋಲ್‌ಗಳನ್ನು ನೇರವಾಗಿ ಮುಟ್ಟುವ ಹಾಗಿಲ್ಲ. ಕಂಟ್ರೋಲ್ ಯಾವ ಥ್ರೆಡ್‌ನಲ್ಲಿ ಹುಟ್ಟಿತೋ ಅದೇ ಥ್ರೆಡ್‌ಗೆ ಸೇರಿದ್ದು. ಮೈಕ್ರೋಸಾಫ್ಟ್‌ನ ಇನ್ನೊಂದು ಲೈಬ್ರರಿ ಡಬ್ಲ್ಯೂಪಿಎಫ್ ಈ ತಪ್ಪಿಗೆ ಯಾವಾಗಲೂ ಎಕ್ಸೆಪ್ಶನ್ (ಎರರ್) ಎಸೆಯುತ್ತದೆ. ವಿನ್‌ಫಾರ್ಮ್ಸ್ ಈ ಪರೀಕ್ಷೆಯನ್ನು ಡಿಫಾಲ್ಟ್ ಆಗಿ ಡಿಬಗರ್ ಇದ್ದಾಗ ಮಾತ್ರ ಮಾಡುತ್ತದೆ. ಗ್ರಾಹಕರ ಮಷಿನ್‌ನಲ್ಲಿ ಬಾಯಿಮುಚ್ಚಿಕೊಂಡು ಬಿಟ್ಟುಬಿಡುತ್ತದೆ, ಆಮೇಲೆ ಯಾವಾಗಲೋ ಒಮ್ಮೆ ಅರ್ಥವಾಗದ ರೀತಿಯಲ್ಲಿ ಕೈಕೊಡುತ್ತದೆ. ಆ ಪರೀಕ್ಷೆಯನ್ನು ಆಫ್ ಮಾಡಿದರೆ ಎರರ್ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹೋಗುವುದು ಎರರ್ ಮಾತ್ರ, ತಪ್ಪು ಹಾಗೇ ಇರುತ್ತದೆ.

ಸರಿಯಾದ ದಾರಿ ಅಂದರೆ ಕೆಲಸದ ಥ್ರೆಡ್ ಫಲಿತಾಂಶವನ್ನು ಲೂಪ್‌ಗೆ ಕಳಿಸುವುದು. ವಿನ್‌ಫಾರ್ಮ್ಸ್‌ನ ಬಿಗಿನ್‌ಇನ್ವೋಕ್, ಡಬ್ಲ್ಯೂಪಿಎಫ್‌ನ ಡಿಸ್ಪ್ಯಾಚರ್, ಜಾವಾ ಸ್ವಿಂಗ್‌ನ ಇನ್ವೋಕ್‌ಲೇಟರ್, ಮ್ಯಾಕ್‌ನ ಮೇನ್ ಕ್ಯೂ, ಜಿಟಿಕೆಯ ಐಡಲ್ ಆ್ಯಡ್. ಹೆಸರು ಬೇರೆ ಬೇರೆ, ಮಾಡುವುದು ಒಂದೇ: 'ಸರದಿ ಬಂದಾಗ ಈ ಕೋಡ್ ಓಡಿಸಿ' ಅಂತ ಯುಐ ಥ್ರೆಡ್‌ನ (ವಿಂಡೋ ಮತ್ತು ಅದರ ಲೂಪ್ ಇರುವ ಥ್ರೆಡ್‌ನ) ಕ್ಯೂಗೆ ಚೀಟಿ ಹಾಕುವುದು. ಕ್ಯೂಟಿಯಲ್ಲಿ ಸಿಗ್ನಲ್ (ಏನೋ ಆಯಿತು ಅನ್ನುವ ಸೂಚನೆ) ಬೇರೆ ಥ್ರೆಡ್‌ನ ಸ್ಲಾಟ್‌ಗೆ (ಅದನ್ನು ಪಡೆಯುವ ಫಂಕ್ಷನ್‌ಗೆ) ಹೋದರೆ ಈ ಚೀಟಿಯ ಕೆಲಸ ತಾನಾಗಿಯೇ ಆಗುತ್ತದೆ. ಟಿಕಿಂಟರ್‌ನಲ್ಲಿ ಪೈಥಾನ್‌ನ ಕ್ಯೂ ಒಂದಕ್ಕೆ ಫಲಿತಾಂಶ ಹಾಕಿ, ಯುಐ ಕಡೆಯಿಂದ ಆಫ್ಟರ್ ಬಳಸಿ ಆಗಾಗ ಇಣುಕಿ ನೋಡುವುದು ಸುರಕ್ಷಿತ.

ಸಿ ಶಾರ್ಪ್ ಭಾಷೆಗೆ 2012ರಲ್ಲಿ, ಕಾಯಬೇಕಾದ ಕೆಲಸ ಬರೆಯುವ ಸುಲಭ ದಾರಿಯಾಗಿ, ಅಸಿಂಕ್ ಅವೇಟ್ ಬಂತು. ಅವೇಟ್ ಅಂದರೆ ಹೊಸ ಥ್ರೆಡ್ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅಲ್ಲ. ಕೆಲಸ ಇನ್ನೂ ಮುಗಿದಿಲ್ಲ ಅಂದರೆ ಅವೇಟ್ ಇರುವ ಜಾಗದಲ್ಲಿ ಫಂಕ್ಷನ್ ಲೂಪ್‌ಗೆ ವಾಪಸ್ ಹೋಗುತ್ತದೆ. ಮುಗಿದ ಮೇಲೆ ಉಳಿದರ್ಧ ಅದೇ ಲೂಪ್‌ಗೆ ಚೀಟಿಯಾಗಿ ಬರುತ್ತದೆ. ಅದಕ್ಕೇ ಅವೇಟ್ ಆದ ಮೇಲಿನ ಸಾಲಿನಲ್ಲಿ ಲೇಬಲ್ ಮುಟ್ಟಿದರೂ ತೊಂದರೆ ಇಲ್ಲ. ಆದರೆ ಭಾರೀ ಲೆಕ್ಕಾಚಾರವನ್ನು ಅಸಿಂಕ್ ಫಂಕ್ಷನ್ ಒಳಗೆ ಹಾಗೇ ಬರೆದರೆ ಅದು ಯುಐ ಥ್ರೆಡ್‌ನಲ್ಲೇ ಓಡುತ್ತದೆ, ವಿಂಡೋ ಮೊದಲಿನಂತೆಯೇ ಅಂಟಿಕೊಳ್ಳುತ್ತದೆ. ಅದನ್ನು ಬೇರೆ ಥ್ರೆಡ್‌ಗೆ ಕಳಿಸಲು ಟಾಸ್ಕ್ ಡಾಟ್ ರನ್ ಬೇಕು.

ಚೀಟಿ ಜಾಸ್ತಿ ಆದರೂ ಕಷ್ಟ. ಲಕ್ಷ ಸಾಲಿನ ಫೈಲ್ ಓದುತ್ತಾ ಪ್ರತಿ ಸಾಲಿಗೂ ಪ್ರೋಗ್ರೆಸ್ ಬಾರ್ ತಳ್ಳಿದರೆ, ಪೋಸ್ಟ್ ಮಾಡಿದ ಮೆಸೇಜ್‌ಗೆ ಮೌಸ್ ಮತ್ತು ಪೇಂಟ್‌ಗಿಂತ ಆದ್ಯತೆ ಇರುವುದರಿಂದ, ಲೂಪ್ ಚೀಟಿ ಓದುವುದರಲ್ಲೇ ಮುಳುಗುತ್ತದೆ. ಥ್ರೆಡ್ ಹಾಕಿಯೂ ಸ್ಕ್ರೀನ್ ನಿಂತಿತು! ಮೇಲಾಗಿ ವಿಂಡೋಸ್‌ನಲ್ಲಿ ಒಂದು ಕ್ಯೂಗೆ ಪೋಸ್ಟ್ ಮಾಡಿದ ಮೆಸೇಜ್‌ಗಳ ಮಿತಿ ಮಾಮೂಲಾಗಿ 10,000. ಅದು ತುಂಬಿದ ಮೇಲೆ ಪೋಸ್ಟ್‌ಮೆಸೇಜ್ ವಿಫಲವಾಗುತ್ತದೆ. ಸೆಕೆಂಡಿಗೆ ಹತ್ತು ಸಲ ಪ್ರೋಗ್ರೆಸ್ ತೋರಿಸಿದರೆ ಧಾರಾಳ ಸಾಕು, ಕಣ್ಣಿಗೆ ಅದಕ್ಕಿಂತ ಜಾಸ್ತಿ ಬೇಕಿಲ್ಲ.

ಡೂಈವೆಂಟ್ಸ್ ಎಂಬ ಅಡ್ಡದಾರಿ

ವಿಷುಯಲ್ ಬೇಸಿಕ್ ಕಾಲದಿಂದ ಬಂದ ಒಂದು ಸುಲಭ ಉಪಾಯ ಇದೆ. ಉದ್ದನೆಯ ಕೆಲಸದ ನಡುವೆ ಆಗಾಗ ಡೂಈವೆಂಟ್ಸ್ ಕರೆಯುವುದು. ಕ್ಯೂಟಿಯಲ್ಲಿ ಇದಕ್ಕೆ ಪ್ರೊಸೆಸ್‌ಈವೆಂಟ್ಸ್ ಅಂತಾರೆ. ಅದು ಬಾಕಿ ಮೆಸೇಜ್‌ಗಳನ್ನು ತೆಗೆದು ಓಡಿಸಿ ವಾಪಸ್ ಬರುತ್ತದೆ. ಲೇಬಲ್ ಕಾಣುತ್ತದೆ, ಭೂತ ಬರುವುದಿಲ್ಲ, ಎಲ್ಲ ಸರಿ ಅನ್ನಿಸುತ್ತದೆ.

ಆದರೆ ಬಾಕಿ ಮೆಸೇಜ್‌ಗಳಲ್ಲಿ ಅದೇ ಬಟನ್‌ನ ಇನ್ನೊಂದು ಕ್ಲಿಕ್ ಇದ್ದರೆ? ಮೊದಲ ಕೆಲಸ ಅರ್ಧದಲ್ಲಿ ಇರುವಾಗಲೇ ಅದರ ಹೊಟ್ಟೆಯೊಳಗೆ ಎರಡನೆಯದು ಶುರುವಾಗುತ್ತದೆ. ಎರಡನೆಯದು ಮುಗಿಯುವವರೆಗೆ ಮೊದಲನೆಯದು ಮುಂದೆ ಹೋಗದು. ಬಳಕೆದಾರರು ವಿಂಡೋ ಮುಚ್ಚಿದರೆ ಇನ್ನೂ ಚಂದ: ವಾಪಸ್ ಬಂದ ಕೋಡ್ ಇಲ್ಲದ ಲೇಬಲ್‌ಗೆ ಬರೆಯಲು ಹೋಗುತ್ತದೆ. ಬಟನ್ ನಿಷ್ಕ್ರಿಯ ಮಾಡಿ ತಪ್ಪಿಸಿಕೊಳ್ಳಬಹುದು ಅನ್ನುತ್ತಾರೆ. ಮೆನು, ಶಾರ್ಟ್‌ಕಟ್, ಟೈಮರ್ ಎಲ್ಲವನ್ನೂ ನೆನಪಿಟ್ಟು ನಿಷ್ಕ್ರಿಯ ಮಾಡುವವರು ಯಾರು? ಹೊಸ ಕೋಡ್‌ನಲ್ಲಿ ಇದನ್ನು ಬಳಸಲು ನನಗಂತೂ ಒಂದು ಕಾರಣವೂ ಕಾಣುವುದಿಲ್ಲ.

ಲೂಪ್ ಒಳಗೆ ಲೂಪ್ ನಿಮಗೆ ಗೊತ್ತಿಲ್ಲದೆಯೂ ಬರುತ್ತದೆ. ಮೆಸೇಜ್‌ಬಾಕ್ಸ್ ತೆರೆದರೆ ಅದು ತನ್ನದೇ ಲೂಪ್ ಓಡಿಸುತ್ತದೆ. ಟೈಟಲ್ ಬಾರ್ ಹಿಡಿದು ವಿಂಡೋ ಎಳೆಯುವಾಗ ವಿಂಡೋಸ್ ಕೂಡ ಹಾಗೇ ಮಾಡುತ್ತದೆ. ಗೇಮ್ ಬರೆಯುವವರು ಕ್ಯಾರೆಕ್ಟರ್ ಅಲ್ಲಾಡಿಸುವ ಕೋಡನ್ನು ತಮ್ಮ ಲೂಪ್‌ನಲ್ಲಿ ಇಟ್ಟಿರುತ್ತಾರೆ. ವಿಂಡೋ ಎಳೆದಾಗಲೆಲ್ಲ ಆಟ ನಿಲ್ಲುವುದು ಇದಕ್ಕೇ.

ಯಾರು ಹಿಡಿದಿಟ್ಟಿದ್ದಾರೆ ಅಂತ ಪತ್ತೆ ಹಚ್ಚುವುದು

ಮೊದಲು ಸಿಪಿಯು ನೋಡಿ. ಒಂದು ಕೋರ್ ಪೂರ್ತಿ ಬಳಕೆಯಲ್ಲಿದ್ದರೆ ಯುಐ ಥ್ರೆಡ್ ಏನೋ ಲೆಕ್ಕ ಮಾಡುತ್ತಿರುವುದು ಹೆಚ್ಚು ಸಂಭವ. ಸೊನ್ನೆ ಹತ್ತಿರ ಇದ್ದರೆ ಯಾರಿಗೋ ಕಾಯುತ್ತಿದೆ. ಎರಡನೆಯದರಲ್ಲಿ ಎರಡು ಬಗೆ ಜಾಸ್ತಿ ಸಿಗುತ್ತವೆ.

ಒಂದು ಡೆಡ್‌ಲಾಕ್. ಯುಐ ಥ್ರೆಡ್ ಟಾಸ್ಕ್‌ನ ರಿಸಲ್ಟ್‌ಗಾಗಿ ನಿಂತಿದೆ. ಟಾಸ್ಕ್‌ನ ಉಳಿದರ್ಧ ಯುಐ ಥ್ರೆಡ್‌ನ ಸರದಿಗಾಗಿ ನಿಂತಿದೆ. ಅಸಿಂಕ್ ಫಂಕ್ಷನ್ನನ್ನು ಕ್ಲಿಕ್ ಕೋಡ್‌ನಿಂದ ಕರೆದು ಅವೇಟ್ ಬದಲು ಡಾಟ್ ರಿಸಲ್ಟ್ ಹಾಕಿದರೆ ಸಿಗುವುದು ಇದೇ. ಇಲ್ಲಿ ಎಷ್ಟು ಕಾದರೂ ವಿಂಡೋ ಏಳುವುದಿಲ್ಲ.

ಇನ್ನೊಂದು ನೆಟ್‌ವರ್ಕ್. 'ಫೈಲ್ ಇದೆಯಾ' ಅಂತ ಕೇಳುವ ಒಂದೇ ಸಾಲು ನಿಮ್ಮ ಡಿಸ್ಕ್‌ನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಅದೇ ಪಾತ್ ಈಗ ಆಫ್ ಆಗಿರುವ ಸರ್ವರ್‌ನ ಫೋಲ್ಡರ್ ಆಗಿದ್ದರೆ, ವಿಂಡೋಸ್ ಹುಡುಕಿ ಸುಸ್ತಾಗುವವರೆಗೆ ಎಷ್ಟೋ ಸೆಕೆಂಡ್ ವಾಪಸ್ ಬರುವುದಿಲ್ಲ. 'ಇತ್ತೀಚಿನ ಫೈಲ್‌ಗಳು' ಮೆನು ತೆರೆದಾಗ ಹ್ಯಾಂಗ್ ಆಗುವ ಪ್ರೋಗ್ರಾಂಗಳಲ್ಲಿ ಇದನ್ನು ಮೊದಲು ಅನುಮಾನಿಸಿ. ನೆಟ್‌ವರ್ಕ್ ಪ್ರಿಂಟರ್ ಕೇಳುವ ಕೋಡ್ ಕೂಡ ಇದೇ ಜಾತಿ.

ನಿಮ್ಮ ಮಷಿನ್‌ನಲ್ಲಾದರೆ ಹ್ಯಾಂಗ್ ಆದಾಗ ಡಿಬಗರ್ ಹಚ್ಚಿ, 'ಬ್ರೇಕ್ ಆಲ್' ಒತ್ತಿ, ಮೇನ್ ಥ್ರೆಡ್‌ನ ಕಾಲ್ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಅನ್ನುವ ಪಟ್ಟಿ) ತೆಗೆಯಿರಿ. ಗ್ರಾಹಕರ ಕಡೆ ಆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸ್ ಮೇಲೆ ರೈಟ್ ಕ್ಲಿಕ್ ಮಾಡಿ 'ಕ್ರಿಯೇಟ್ ಡಂಪ್ ಫೈಲ್' ಒತ್ತಲು ಹೇಳಿ. 'ಎಂಡ್ ಟಾಸ್ಕ್' ಒತ್ತುವ ಮೊದಲು ಅನ್ನುವುದನ್ನು ಒತ್ತಿ ಹೇಳಿ. ಆ ಡಂಪ್ (ಆ ಕ್ಷಣದ ಪ್ರೋಗ್ರಾಂ ಮೆಮೊರಿಯ ಪ್ರತಿ) ಅನ್ನು ವಿಷುಯಲ್ ಸ್ಟುಡಿಯೋ ಅಥವಾ ವಿನ್‌ಡಿಬಿಜಿ ಡಿಬಗರ್‌ನಲ್ಲಿ ತೆರೆಯಬಹುದು. ಅವರ ಬಿಲ್ಡ್‌ನದ್ದೇ ಪಿಡಿಬಿ ಫೈಲ್ (ಫಂಕ್ಷನ್ ಹೆಸರುಗಳಿರುವ ಫೈಲ್) ನಿಮ್ಮ ಬಳಿ ಇರಬೇಕು, ಇಲ್ಲದಿದ್ದರೆ ಬರೀ ಅಡ್ರೆಸ್‌ಗಳು ಕಾಣುತ್ತವೆ. ಸ್ಟ್ಯಾಕ್‌ನ ಮೇಲ್ತುದಿಯಲ್ಲಿ ವಿಂಡೋಸ್‌ನದೇ ಲೈಬ್ರರಿಯಾದ ಎನ್‌ಟಿಡಿಎಲ್‌ಎಲ್‌ನ ವೇಟ್ ಫಂಕ್ಷನ್ ಕಂಡರೆ ಗಾಬರಿ ಬೇಡ, ಕಾಯುವವರೆಲ್ಲ ಅಲ್ಲೇ ಇರುತ್ತಾರೆ. ಅಲ್ಲಿಂದ ಕೆಳಗೆ ಇಳಿಯುತ್ತಾ ನಿಮ್ಮದೇ ಹೆಸರಿನ ಮೊದಲ ಫಂಕ್ಷನ್ ಹುಡುಕಿ. ಯುಐ ಥ್ರೆಡ್‌ನಿಂದ ಎತ್ತಬೇಕಾದ ಸಾಲು ಬಹುಪಾಲು ಅದರೊಳಗೇ ಇರುತ್ತದೆ.